ಮುನ್ನಾರ್, ಆಲಪ್ಪುಳ ನಮ್ಮ ಮನೆಯವರಷ್ಟೇ ಹೋಗಿಬರಬೇಕು, ಖರ್ಚು ಕೈ ಮೀರಬಾರದು. ಆಗುತ್ತಾ?

ಓದುಗರ ಪ್ರಶ್ನೆ: ನಾವು ಡೊಂಬಿವಲಿಯವರು. ನಾನು, ನಮ್ಮವರು, ಇಬ್ಬರು ಮಕ್ಕಳು, ಅತ್ತೆ, ಮಾವ ಸೇರಿ ಆರು ಜನ. ಕೇರಳದ ಬೆಟ್ಟ, ಹಿನ್ನೀರು ನೋಡುವ ಆಸೆ ಬಹಳ ದಿನದ್ದು. ಗುಂಪಿನ ಬಸ್ ಟೂರಿನಲ್ಲಿ ಬೆಳಿಗ್ಗೆ ಆರಕ್ಕೇ ಹೊರಡಿಸುತ್ತಾರೆ, ಅತ್ತೆಯ ಮಂಡಿನೋವಿಗೆ ಅದು ಆಗುವುದಿಲ್ಲ. ನಮಗೇ ಅಂತ ಬೇರೆ ಗಾಡಿ ಕೇಳಿದರೆ ಏಜೆಂಟರು ಹೇಳುವ ರೇಟಿಗೆ ಮಾತೇ ನಿಂತುಹೋಗುತ್ತದೆ. ಕಡಿಮೆ ಖರ್ಚಿನಲ್ಲಿ ದಾರಿ ಇದೆಯಾ?

ಇದೆ. ಆದರೆ ಅಗ್ಗದ ಏಜೆಂಟರನ್ನು ಹುಡುಕಿದರೆ ಅದು ಸಿಗುವುದಿಲ್ಲ. ಗಾಡಿ ಇಟ್ಟುಕೊಳ್ಳುವ ದಿನಗಳನ್ನು ಕಡಿಮೆ ಮಾಡಬೇಕು.

ಈ ಥರದ ಪ್ರವಾಸದಲ್ಲಿ ದುಡ್ಡು ತಿನ್ನುವುದು ಎರಡು: ಗಾಡಿ ಮತ್ತು ಹೌಸ್‌ಬೋಟ್. ಸಾಮಾನ್ಯ ಪ್ಯಾಕೇಜಿನಲ್ಲಿ ಕೊಚ್ಚಿಯಲ್ಲಿ ಇಳಿದ ಗಳಿಗೆಯಿಂದ ಮತ್ತೆ ರೈಲು ಹತ್ತುವ ತನಕ ಗಾಡಿ ನಿಮ್ಮ ಜೊತೆಗೇ ಇರುತ್ತದೆ. ನೀವು ಫೋರ್ಟ್ ಕೊಚ್ಚಿಯಲ್ಲಿ ಅಡ್ಡಾಡುವಾಗ ಅದು ನಿಂತಿರುತ್ತದೆ. ನೀವು ದೋಣಿಯಲ್ಲಿ ಮಲಗಿರುವಾಗಲೂ ದಡದಲ್ಲಿ ನಿಂತಿರುತ್ತದೆ. ನಿಂತ ಗಾಡಿಗೂ ದಿನದ ಬಾಡಿಗೆ ಇದೆ, ಡ್ರೈವರ್ ಬತ್ತಾ ಇದೆ. ನಿಜವಾಗಿ ಗಾಡಿ ಬೇಕಾಗುವುದು ಬೆಟ್ಟಕ್ಕೆ ಮಾತ್ರ. ಹಾಗಾಗಿ ಎರ್ನಾಕುಲಂನಲ್ಲಿ (ಕೊಚ್ಚಿಗೆ ಹೋಗುವವರು ರೈಲಿಳಿಯುವುದು ಇಲ್ಲೇ) ಗಾಡಿ ಹತ್ತಿ, ಆಲಪ್ಪುಳದಲ್ಲಿ ಇಳಿದು ಅದನ್ನು ಕಳಿಸಿಬಿಡಿ. ಮೂರೇ ದಿನದ ಬಾಡಿಗೆಯಲ್ಲಿ ಮುಗಿಯುತ್ತದೆ.

ಇದಕ್ಕೆ ನಮ್ಮ ಮುಂಬೈಯವರಿಗೆ ಒಂದು ದೊಡ್ಡ ಅನುಕೂಲ ಇದೆ. ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ದಿನಾ ಹೊರಡುವ ನೇತ್ರಾವತಿ ಎಕ್ಸ್‌ಪ್ರೆಸ್ ಎರ್ನಾಕುಲಂ ಜಂಕ್ಷನ್‌ನಲ್ಲೂ ನಿಲ್ಲುತ್ತದೆ, ಆಲಪ್ಪುಳದಲ್ಲೂ ನಿಲ್ಲುತ್ತದೆ. ಹೋಗುವಾಗ ಎರ್ನಾಕುಲಂಗೆ, ಬರುವಾಗ ಆಲಪ್ಪುಳದಿಂದ ಟಿಕೆಟ್ ಮಾಡಿಸಿ. ನೀವು ಡೊಂಬಿವಲಿಯವರಾದ್ದರಿಂದ ಠಾಣೆಯಲ್ಲೇ ಹತ್ತಬಹುದು, ಕುರ್ಲಾ ತನಕ ಲಗೇಜು ಹೊರುವ ಗೋಜಿಲ್ಲ. ಮಧ್ಯಾಹ್ನದ ಹೊತ್ತಿಗೆ ಹತ್ತಿದರೆ ಮರುದಿನ ಮಧ್ಯಾಹ್ನ ಎರ್ನಾಕುಲಂ. ಪುಣೆಯವರು ಪನ್ವೇಲ್‌ಗೆ ಬಂದು ಇದೇ ರೈಲು ಹಿಡಿಯಬಹುದು, ಗೋವಾದವರಿಗೆ ಮಡಗಾಂವ್ ಇದೆ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ, ರೈಲುಗಳು ನಿಧಾನ ಓಡುತ್ತವೆ. ಆಗ ಸಮಯ ಮತ್ತೊಮ್ಮೆ ನೋಡಿಕೊಳ್ಳಿ.

ಈ ರೈಲಿನ ಟಿಕೆಟ್ಟೇ ಇಡೀ ಪ್ಲಾನಿನ ಬೀಗದ ಕೈ. ಕಾರವಾರ, ಉಡುಪಿ, ಮಂಗಳೂರು ಎಲ್ಲ ಇದೇ ದಾರಿಯಲ್ಲಿರುವುದರಿಂದ ಊರಿಗೆ ಹೋಗುವ ನಮ್ಮವರೂ, ಮಲಯಾಳಿಗಳೂ, ಕೊಂಕಣದವರೂ ಒಟ್ಟಿಗೇ ಮುಗಿಬೀಳುತ್ತಾರೆ. ಗಣಪತಿ ಹಬ್ಬ ಮತ್ತು ಮೇ ರಜೆಯಲ್ಲಿ ಸೀಟು ಸಿಗುವುದು ಬಹಳ ಕಷ್ಟ. ಈಗ 60 ದಿನ ಮುಂಚೆ ಮಾತ್ರ ಬುಕಿಂಗ್ ತೆರೆಯುತ್ತದೆ. ಅವತ್ತು ಬೆಳಿಗ್ಗೆಯೇ ಮಾಡಿಸಿ. ನಿಮ್ಮ ಮನೆ ಕರಾವಳಿಯದಾದರೆ ಇನ್ನೊಂದು ದಾರಿ ಇದೆ. ಊರಲ್ಲಿ ಎರಡು ದಿನ ಇದ್ದು, ಮಂಗಳೂರಿನಿಂದ ಸಂಜೆ ಹೊರಡುವ ಮಾವೇಲಿ ಅಥವಾ ಮಲಬಾರ್ ಎಕ್ಸ್‌ಪ್ರೆಸ್ ಹಿಡಿಯಬಹುದು. ಆದರೆ ಅವು ಎರ್ನಾಕುಲಂ ಮುಟ್ಟುವುದು ಬೆಳಕು ಹರಿಯುವ ಮುಂಚೆ. ಅತ್ತೆ, ಮಾವನನ್ನು ಆ ಹೊತ್ತಲ್ಲಿ ಎಬ್ಬಿಸಿ ಇಳಿಸಬೇಕಲ್ಲ ಅಂತ ಯೋಚಿಸಿ.

ಎರ್ನಾಕುಲಂನಲ್ಲಿ ಉಳಿದ ಅರ್ಧ ದಿನಕ್ಕೆ ಗಾಡಿ ಬೇಡವೇ ಬೇಡ. ಹೈಕೋರ್ಟ್ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ವಾಟರ್ ಮೆಟ್ರೋ ಇದೆ. 2023ರಲ್ಲಿ ಶುರುವಾದ ಈ ಸೇವೆಯ ದೋಣಿಗಳು ಹವಾನಿಯಂತ್ರಿತ. ದೋಣಿಯೂ ಜೆಟ್ಟಿಯ ಕಟ್ಟೆಯೂ ಒಂದೇ ಮಟ್ಟದಲ್ಲಿರುವಂತೆ ಮಾಡಿದ್ದಾರೆ, ಮಂಡಿನೋವಿನವರು ಹೆಜ್ಜೆ ಎತ್ತಿ ಹಾರಬೇಕಿಲ್ಲ. ಮಕ್ಕಳಿಗಂತೂ ಅದೇ ಒಂದು ಪ್ರವಾಸ.

ಗಾಡಿಯ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಏಜೆಂಟರು ಕಾಗದದಲ್ಲಿ ಬರೆಯದೇ ಬಿಡುವುದು ಇದನ್ನೇ.

ಆರು ಜನರಿಗೆ ಎರ್ಟಿಗಾ ಸಾಕು ಅನ್ನುತ್ತಾರೆ. ಡ್ರೈವರ್ ಸೇರಿದರೆ ಏಳು ಜನ, ಏಳೂ ಸೀಟು ಭರ್ತಿ. ಹಿಂದಿನ ಸಾಲು ಎತ್ತಿದ ಮೇಲೆ ಡಿಕ್ಕಿಯಲ್ಲಿ ಎರಡು ಬ್ಯಾಗು ಹಿಡಿದರೆ ಹೆಚ್ಚು. ಉಳಿದದ್ದು ತೊಡೆಯ ಮೇಲೆ. ಬೆಟ್ಟದ ತಿರುವುಗಳಲ್ಲಿ ಅದು ದೊಡ್ಡ ಹಿಂಸೆ. ಮೇಲೆ ಕ್ಯಾರಿಯರ್ ಇರುವ ಇನ್ನೋವಾ ಕೇಳಿ, ಹೆಚ್ಚಿಗೆ ಕೊಡುವ ದುಡ್ಡು ದಂಡ ಅಲ್ಲ.

ಈಗ ದೂರ. ಎರ್ನಾಕುಲಂನಿಂದ ಮುನ್ನಾರ್ ಸುಮಾರು 130 ಕಿ.ಮೀ. ಮುನ್ನಾರ್‌ನಲ್ಲಿ ಒಂದು ದಿನದ ಓಡಾಟ 70 ಇಟ್ಟುಕೊಳ್ಳಿ. ಮುನ್ನಾರ್‌ನಿಂದ ಆಲಪ್ಪುಳ ಸುಮಾರು 170. ಅಲ್ಲಿ ನಿಮ್ಮನ್ನು ಇಳಿಸಿ ಗಾಡಿ ಖಾಲಿಯಾಗಿ ಕೊಚ್ಚಿಗೆ ವಾಪಸ್ ಹೋಗುವುದಕ್ಕೆ 55. ಅದಕ್ಕೂ ನೀವೇ ಕೊಡಬೇಕು, ಅದು ನ್ಯಾಯವೇ. ಒಟ್ಟು 425 ಕಿ.ಮೀ. ಲೆಕ್ಕ ತಿಳಿಯಲಿ ಅಂತ ಕಿ.ಮೀ.ಗೆ 20 ರೂಪಾಯಿ ಹಿಡಿಯೋಣ: 8,500 ರೂಪಾಯಿ. ಬತ್ತಾ ದಿನಕ್ಕೆ 500ರಂತೆ 1,500. ಒಟ್ಟು 10,000.

ಇದೇ ಗಾಡಿಗೆ, ಇದೇ ದರಕ್ಕೆ, ಯಾರಾದರೂ ‘ದಿನಕ್ಕೆ ಕನಿಷ್ಠ 250 ಕಿ.ಮೀ.’ ಅಂತ ಷರತ್ತು ಹಾಕಿದರೆ ಏನಾಗುತ್ತದೆ ನೋಡಿ. ಮೂರು ದಿನಕ್ಕೆ 750 ಕಿ.ಮೀ., ಅಂದರೆ 15,000. ಬತ್ತಾ ಸೇರಿ 16,500. ನೀವು ಓಡಿದ್ದು ಅಷ್ಟೇ ದೂರ! ಬೆಟ್ಟದಲ್ಲಿ ದಿನಕ್ಕೆ 250 ಯಾರೂ ಓಡಿಸುವುದಿಲ್ಲ, ಓಡಿಸಲೂಬಾರದು. ಹಾಗಾಗಿ ಕಿ.ಮೀ. ದರ ಕೇಳುವ ಮುಂಚೆ ದಿನದ ಕನಿಷ್ಠ ಎಷ್ಟು ಅಂತ ಕೇಳಿ. ನೂರರ ಆಸುಪಾಸಿನ ಕನಿಷ್ಠಕ್ಕೆ ಒಪ್ಪುವವರು ಸಿಗುತ್ತಾರೆ. ಅವರ ಜೊತೆ ಮಾತಾಡಿ.

ಮೀಟರ್ ಎಲ್ಲಿಂದ ಶುರು ಅನ್ನುವುದನ್ನೂ ಕೇಳಿ. ನಿಮ್ಮ ಹೋಟೆಲಿನಿಂದಲೋ, ಅವರ ಶೆಡ್ಡಿನಿಂದಲೋ? ಹತ್ತುವಾಗ ಮೀಟರಿನ ಫೋಟೋ ತೆಗೆದು ಡ್ರೈವರ್‌ಗೂ ತೋರಿಸಿಬಿಡಿ. ಕೊನೆಯಲ್ಲಿ ಮಾತಿಗೆ ಮಾತು ಬೆಳೆಯುವುದಿಲ್ಲ. ಪಾರ್ಕಿಂಗ್, ಟೋಲ್ ಯಾರದ್ದು, ರಾತ್ರಿ ಡ್ರೈವರ್ ಎಲ್ಲಿ ಮಲಗುತ್ತಾರೆ, ಇದೂ ಮೊದಲೇ ಇತ್ಯರ್ಥ ಆಗಬೇಕು. ದಿನವಿಡೀ ತಿರುವು ಹತ್ತಿಸುವ ಮನುಷ್ಯ ರಾತ್ರಿ ಗಾಡಿಯಲ್ಲೇ ಮುದುಡಿ ಮಲಗಿದರೆ ಮರುದಿನ ನಿಮ್ಮ ಮಕ್ಕಳನ್ನು ಯಾವ ಕಣ್ಣಲ್ಲಿ ಇಳಿಸಿಕೊಂಡು ಬರಬೇಕು? ಅವರಿಗೆ ಮಲಗಲು ಜಾಗ ಇರುವ ಹೋಟೆಲನ್ನೇ ಆರಿಸಿ.

ಹಳದಿ ಬೋರ್ಡಿನ ಗಾಡಿಯನ್ನೇ ತೆಗೆದುಕೊಳ್ಳಿ. ಬಿಳಿ ಬೋರ್ಡಿನವರು ಕಡಿಮೆಗೆ ಬರುತ್ತೇವೆ ಅನ್ನುತ್ತಾರೆ. ಖಾಸಗಿ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ. ಏನಾದರೂ ಅನಾಹುತ ಆದರೆ ವಿಮೆಯವರು ಕೈ ಎತ್ತಬಹುದು. ಇನ್ನು ಮುಂಬೈನಿಂದಲೇ ಗಾಡಿ ಮಾಡಿಕೊಂಡು ಹೋಗುವ ಯೋಚನೆ ಇದ್ದರೆ ಬಿಟ್ಟುಬಿಡಿ. ಒಂದು ಕಡೆಗೇ 1,300 ಕಿ.ಮೀ.ಗೂ ಜಾಸ್ತಿ.

ಬೆಟ್ಟದಲ್ಲಿ ಎರಡು ರಾತ್ರಿ

ಮುನ್ನಾರ್ ದಾರಿ ನಕ್ಷೆಯಲ್ಲಿ 130 ಕಿ.ಮೀ. ಕಾಣಿಸಿದರೂ ನಾಲ್ಕೈದು ತಾಸು ಬೇಕು. ನೇರ್ಯಮಂಗಲದಲ್ಲಿ ಪೆರಿಯಾರ್ ನದಿಗೆ 1935ರ ಕಮಾನು ಸೇತುವೆ ಇದೆ. ಅದನ್ನು ದಾಟಿದ ಕೂಡಲೇ ಕಾಡು, ತಿರುವು ಶುರು. ಮಕ್ಕಳಿಗೆ ವಾಂತಿ ಬರುವುದು ಅಲ್ಲಿಂದ ಮುಂದೆ. ಕೋತಮಂಗಲದಲ್ಲಿ ಇಡ್ಲಿಯಂಥ ಹಗುರ ತಿಂಡಿ ತಿನ್ನಿಸಿ, ಪೂರಿ, ಪರೋಟ ಬೇಡ. ಮಧ್ಯದಲ್ಲಿ ಚೀಯಪ್ಪಾರ, ವಾಳರ ಜಲಪಾತಗಳು ರಸ್ತೆ ಪಕ್ಕದಲ್ಲೇ ಇವೆ. ಅತ್ತೆ ಗಾಡಿಯಿಂದ ಇಳಿಯದೆಯೂ ನೋಡಬಹುದು.

‘ಮುನ್ನಾರ್ ಹೋಟೆಲ್’ ಅಂತ ತೋರಿಸುವ ಎಷ್ಟೋ ಕೋಣೆಗಳು ಇರುವುದು ಆನಚ್ಚಾಲ್, ಚಿತ್ತಿರಪುರಂ, ಚಿನ್ನಕ್ಕನಾಲ್ ಕಡೆ. ಮುನ್ನಾರ್ ಪೇಟೆಯಿಂದ ಹತ್ತು ಇಪ್ಪತ್ತು ಕಿ.ಮೀ. ದೂರ. ಅದು ಮೋಸ ಅಂತ ನಾನು ಹೇಳುವುದಿಲ್ಲ. ಆನಚ್ಚಾಲ್, ಚಿತ್ತಿರಪುರಂ ಕಡೆಯ ಹೋಂಸ್ಟೇಗಳು ಅಗ್ಗ, ಊಟ ಮನೆಯದು, ಪೇಟೆಯ ಟ್ರಾಫಿಕ್ ಇಲ್ಲ, ಮೇಲಾಗಿ ಕೊಚ್ಚಿಯಿಂದ ಬರುವಾಗ ಮೊದಲೇ ಸಿಗುತ್ತವೆ. ಆದರೆ ಚಿನ್ನಕ್ಕನಾಲ್ ಮುನ್ನಾರ್ ದಾಟಿ ಆಚೆ. ಅಲ್ಲಿ ಉಳಿದರೆ ದಿನಾ ಹೋಗಿಬರುವ ಕಿ.ಮೀ. ನಿಮ್ಮ ತಲೆಗೆ ಬರುತ್ತದೆ. ಪ್ಯಾಕೇಜಿನಲ್ಲಿ ಹೋಟೆಲಿನ ಹೆಸರಿನ ಪಕ್ಕ ‘ಅಥವಾ ಅದೇ ದರ್ಜೆಯದು’ ಅಂತ ಬರೆದಿದ್ದರೆ ಒಪ್ಪಬೇಡಿ. ಹೆಸರು ಬೇಕು, ಜಾಗ ಬೇಕು. ಅತ್ತೆಗೆ ನೆಲಮಹಡಿಯ ಕೋಣೆ ಅಂತಲೂ ಬರೆಸಿಕೊಳ್ಳಿ. ಇಳಿಜಾರಿನ ಕಟ್ಟಡಗಳಲ್ಲಿ ರಸ್ತೆಯಿಂದ ಕೋಣೆಗೆ ನಲವತ್ತು ಮೆಟ್ಟಿಲು ಇಳಿಯಬೇಕಾಗಿ ಬರುವುದುಂಟು.

ಅಲ್ಲಿ ನೋಡಲೇಬೇಕಾದದ್ದು ನನ್ನ ಮಟ್ಟಿಗೆ ಇರವಿಕುಲಂ ರಾಷ್ಟ್ರೀಯ ಉದ್ಯಾನ. ದಕ್ಷಿಣ ಭಾರತದ ಅತಿ ಎತ್ತರದ ಶಿಖರ ಆನಮುಡಿ, 2,695 ಮೀಟರ್, ಇದರೊಳಗೇ ಇದೆ. ವರಯಾಡು ಅಂತ ಕರೆಯುವ ಕಾಡು ಆಡುಗಳು ಬಂಡೆಯ ಅಂಚಿನಲ್ಲಿ ಮೇಯುತ್ತಾ ಎಷ್ಟೋ ಸಲ ರಸ್ತೆಗೇ ಬಂದು ನಿಲ್ಲುತ್ತವೆ. ಒಳಗೆ ನಿಮ್ಮ ಗಾಡಿ ಬಿಡುವುದಿಲ್ಲ, ಅರಣ್ಯ ಇಲಾಖೆಯ ಮಿನಿ ಬಸ್ಸಿನಲ್ಲಿ ಹೋಗಬೇಕು. ಆನ್‌ಲೈನಲ್ಲಿ ಮೊದಲೇ ಟಿಕೆಟ್ ಮಾಡಿ, ಬೆಳಗಿನ ಬಸ್ಸು ಹಿಡಿಯಿರಿ. ಆಡುಗಳು ಮರಿ ಹಾಕುವ ಕಾಲ ಅಂತ ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್‌ನಲ್ಲಿ ಮುಚ್ಚಿರುತ್ತದೆ. ಉಳಿದ ‘ಪಾಯಿಂಟು’ಗಳನ್ನೆಲ್ಲ ಗುಡಿಸಿಕೊಂಡು ಬರಬೇಕೆಂದೇನೂ ಇಲ್ಲ. ಚಹಾ ತೋಟ ದಾರಿಯುದ್ದಕ್ಕೂ ಇದೆ, ಅಲ್ವಾ?

ಪೆರಿಯಾರ್ ವನ್ಯಧಾಮದ ತೇಕ್ಕಡಿ ಸೇರಿಸಬೇಕಾ ಅಂತ ಕೇಳುವವರು ಬಹಳ. ನಿಮ್ಮ ಮನೆಯವರ ಜೊತೆ ನಾನಾಗಿದ್ದರೆ ಸೇರಿಸುವುದಿಲ್ಲ. ಇನ್ನೊಂದು ರಾತ್ರಿ, ಇನ್ನೊಂದು ಹೋಟೆಲು, ಇನ್ನೊಂದು ದಿನದ ಬಾಡಿಗೆ, ಮತ್ತೆ ಮೂರ್ನಾಲ್ಕು ತಾಸು ತಿರುವು. ನವೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗೆ ಶಬರಿಮಲೆಯ ಕಾಲ. ತಮಿಳುನಾಡಿನಿಂದ ಬರುವ ಅಯ್ಯಪ್ಪ ಭಕ್ತರ ಗಾಡಿಗಳಿಂದ ತೇಕ್ಕಡಿ ಪಕ್ಕದ ಕುಮಳಿಯ ದಾರಿ ಕಿಕ್ಕಿರಿದಿರುತ್ತದೆ.

ನೀರಿನ ಮೇಲೆ ರಾತ್ರಿ ಬೇಕಾ?

ಹೌಸ್‌ಬೋಟ್ ಅಂದರೆ ರಾತ್ರಿಯಿಡೀ ತೇಲುತ್ತಾ ಹೋಗುವುದು ಅಂತ ಅನೇಕರು ಅಂದುಕೊಂಡಿರುತ್ತಾರೆ. ಹಾಗಲ್ಲ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಹತ್ತಿಸುತ್ತಾರೆ, ಊಟ ಆಗುತ್ತದೆ, ಸಂಜೆ ಐದೂವರೆ ಹೊತ್ತಿಗೆ ದಡಕ್ಕೆ ಕಟ್ಟುತ್ತಾರೆ. ಆಮೇಲೆ ಮೀನುಗಾರರು ಬಲೆ ಹಾಕುವ ಹೊತ್ತು, ದೊಡ್ಡ ದೋಣಿ ಓಡಿಸುವಂತಿಲ್ಲ. ಬೆಳಿಗ್ಗೆ ತಿಂಡಿ ಆಗಿ ಒಂಬತ್ತಕ್ಕೆ ಇಳಿಸುತ್ತಾರೆ. ಅಂದರೆ ನೀರಲ್ಲಿ ನಿಜವಾಗಿ ಸಾಗುವುದು ನಾಲ್ಕೈದು ತಾಸು, ಉಳಿದದ್ದು ತೆಂಗಿನ ಮರಕ್ಕೆ ಕಟ್ಟಿದ ಕೋಣೆ. ಕಡಿಮೆ ದರದ ದೋಣಿಗಳಲ್ಲಿ ಎಸಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ಮಾತ್ರ. ಪಕ್ಕದಲ್ಲಿ ಇನ್ನೂ ನಾಲ್ಕು ದೋಣಿ ಕಟ್ಟಿದ್ದರೆ ಎಲ್ಲರ ಜನರೇಟರ್ ಸದ್ದೂ ನಿಮ್ಮ ಕಿವಿಗೇ.

ಹಾಗಾಗಿ ನಾನು ಹೇಳುವುದು ಹೀಗೆ. ರಾತ್ರಿಗೆ ಕಾಲುವೆ ದಡದ ಹೋಂಸ್ಟೇ ಹಿಡಿಯಿರಿ. ಹಗಲಿಗೆ ತಾಸಿನ ಲೆಕ್ಕದಲ್ಲಿ ಶಿಕಾರ ದೋಣಿ ಮಾಡಿ. ಹೌಸ್‌ಬೋಟ್ ನುಗ್ಗಲಾರದ ಸಣ್ಣ ಕಾಲುವೆಗಳಲ್ಲಿ ಅದು ಹೋಗುತ್ತದೆ. ನಿಜವಾದ ಕುಟ್ಟನಾಡು ಇರುವುದು ಅಲ್ಲಿ. ಮನೆ ಬಾಗಿಲ ಮುಂದೆಯೇ ನೀರು, ಮೆಟ್ಟಿಲ ಮೇಲೆ ಪಾತ್ರೆ ತೊಳೆಯುವವರು, ಏರಿಯ ಆಚೆ ನೀರಿಗಿಂತ ತಗ್ಗಿನಲ್ಲಿ ಹಸಿರು ಗದ್ದೆ. ಸಮುದ್ರ ಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುವ ಊರು ಅದು. ಬೆಳಿಗ್ಗೆ ಏಳರಿಂದ ಒಂಬತ್ತು ಒಳ್ಳೆಯ ಹೊತ್ತು.

ಇನ್ನೂ ಅಗ್ಗ ಬೇಕೆಂದರೆ ಕೇರಳ ರಾಜ್ಯ ಜಲಸಾರಿಗೆ ಇಲಾಖೆಯ ದೋಣಿಗಳಿವೆ. ಶಾಲೆ ಮಕ್ಕಳು, ಸಂತೆಗೆ ಹೋಗುವವರು ಹತ್ತಿ ಇಳಿಯುವ, ಬಸ್ಸಿನಂಥ ಸೇವೆ. ಆಲಪ್ಪುಳ ಜೆಟ್ಟಿಯಿಂದ ಕೋಟ್ಟಯಂಗೆ ಹೋಗುವುದಕ್ಕೆ ಎರಡೂವರೆ ತಾಸು ಹಿಡಿಯುತ್ತದೆ, ವೇಂಬನಾಡ್ ಕೆರೆಯನ್ನೂ ದಾಟುತ್ತದೆ. ತಲೆಗೆ ಕೆಲವು ಹತ್ತು ರೂಪಾಯಿಗಳಲ್ಲಿ ಮುಗಿಯುತ್ತದೆ. ಮಕ್ಕಳಿಗೆ ಹೌಸ್‌ಬೋಟಿನ ಹಠವೇ ಇದ್ದರೆ ರಾತ್ರಿ ಬಿಟ್ಟು ಹಗಲಿನ ಟ್ರಿಪ್ ಮಾಡಿ.

ಊಟದ ಮಾತು. ದೋಣಿಯಲ್ಲೂ ಹೋಂಸ್ಟೇಯಲ್ಲೂ ಸಹಜವಾಗಿ ಬರುವುದು ಕರಿಮೀನ್ ಮತ್ತು ಕೆಂಪು ಕುಚ್ಚಲಕ್ಕಿ ಅನ್ನ. ಕರಾವಳಿಯವರಿಗೆ ಇದು ಹಬ್ಬ. ಅತ್ತೆ, ಮಾವ ಉತ್ತರ ಕರ್ನಾಟಕದ ಕಡೆಯವರಾಗಿ, ಸಸ್ಯಾಹಾರಿಗಳಾಗಿದ್ದರೆ ಬಿಳಿ ಅಕ್ಕಿ ಅನ್ನ, ಚಪಾತಿ, ತೆಂಗಿನೆಣ್ಣೆ ಕಡಿಮೆ ಅಂತ ಹಿಂದಿನ ದಿನವೇ ಫೋನ್ ಮಾಡಿ ಹೇಳಿ. ಹೇಳಿದರೆ ಸಂತೋಷವಾಗಿ ಮಾಡಿಕೊಡುತ್ತಾರೆ, ದೋಣಿ ಹತ್ತಿದ ಮೇಲೆ ಹೇಳಿದರೆ ಅಲ್ಲಿ ಸಾಮಾನು ಇರುವುದಿಲ್ಲ.

ಯಾವಾಗ ಹೋಗುವುದು? ಕ್ರಿಸ್‌ಮಸ್‌ನಿಂದ ಹೊಸ ವರ್ಷದ ವಾರ, ದೀಪಾವಳಿ ರಜೆ, ಮೇ ತಿಂಗಳು, ಎಲ್ಲ ದುಬಾರಿ. ಜೂನ್‌ನಿಂದ ಆಗಸ್ಟ್ ಕೋಣೆಗಳು ಅಗ್ಗ, ಆದರೆ ಮುನ್ನಾರ್ ಇರುವ ಇಡುಕ್ಕಿ ಜಿಲ್ಲೆಯಲ್ಲಿ ಮಣ್ಣು ಕುಸಿಯುವ ಕಾಲ. 2020ರ ಆಗಸ್ಟ್‌ನಲ್ಲಿ ಮುನ್ನಾರ್ ಬಳಿಯ ಪೆಟ್ಟಿಮುಡಿಯಲ್ಲಿ ತೋಟದ ಕಾರ್ಮಿಕರ ಲೈನ್‌ಮನೆಗಳೇ ಮಣ್ಣಿನಡಿ ಹೋದವು. ಮಕ್ಕಳು, ವಯಸ್ಸಾದವರ ಜೊತೆ ಆ ಉಳಿತಾಯ ಬೇಡ. ಜನವರಿಯ ಎರಡನೇ ಅರ್ಧ ಒಳ್ಳೆಯದು: ಶಬರಿಮಲೆ ಗದ್ದಲ ಮುಗಿದಿರುತ್ತದೆ, ಚಳಿ ಇರುತ್ತದೆ. ಗಣರಾಜ್ಯೋತ್ಸವದ ರಜೆಯ ಆಸುಪಾಸು ತಪ್ಪಿಸಿ. ಮುನ್ನಾರ್‌ನ ಎರಡು ರಾತ್ರಿ ವಾರದ ನಡುವೆ ಬೀಳುವಂತೆ ನೋಡಿಕೊಂಡರೆ ಕೋಣೆಯ ದರ ಇನ್ನೂ ಇಳಿಯುತ್ತದೆ.

ಒಟ್ಟು ಎಂಟು ದಿನ: ಹೋಗಲು ಎರಡು, ಬೆಟ್ಟಕ್ಕೆ ಎರಡು, ಇಳಿದು ಆಲಪ್ಪುಳ ಸೇರಲು ಒಂದು, ನೀರಿಗೆ ಒಂದು, ವಾಪಸಿಗೆ ಎರಡು. ಮೊದಲು ಎರಡೂ ಕಡೆಯ ರೈಲು ಟಿಕೆಟ್. ಅದು ಖಾತ್ರಿಯಾದ ದಿನವೇ ಮುನ್ನಾರ್ ಕೋಣೆ, ಆಮೇಲೆ ಆಲಪ್ಪುಳದ ಕೋಣೆ. ಗಾಡಿಗೆ ಕೊಚ್ಚಿಯ ಕಡೆಯ ಮೂರ್ನಾಲ್ಕು ಜನರನ್ನು ಕೇಳಿ, ಒಪ್ಪಿದ ಮಾತನ್ನೆಲ್ಲ ವಾಟ್ಸಾಪ್‌ನಲ್ಲಿ ಬರೆಸಿಕೊಂಡು, ಸ್ವಲ್ಪ ಮುಂಗಡ ಮಾತ್ರ ಕೊಡಿ. ಶಿಕಾರ ದೋಣಿಗೆ ಮುಂಬೈನಿಂದ ದುಡ್ಡು ಕಟ್ಟುವುದು ಬೇಡ. ಆಲಪ್ಪುಳ ಮುಟ್ಟಿದ ಸಂಜೆ ಹೋಂಸ್ಟೇಯವರನ್ನೇ ಕೇಳಿ, ಅವರ ಪರಿಚಯದ ದೋಣಿಯವರು ಮರುದಿನ ಬೆಳಿಗ್ಗೆ ಏಳಕ್ಕೆ ಮೆಟ್ಟಿಲ ಬುಡಕ್ಕೇ ಬರುತ್ತಾರೆ.