ವಿಮಾನದ ಸ್ವಿಚ್ಚಿಗೆ ಪಿನ್ ಹುಡುಕುವ ಮುನ್ನ ಅದರ ಹಿಂಭಾಗ ನೋಡಿ

ವಾಟ್ಸಾಪಿನಲ್ಲಿ ನನಗೆ ಬರುವ ಫೋಟೋಗಳಲ್ಲೆಲ್ಲ ಗುಜರಿಯಲ್ಲಿ ಸಿಕ್ಕ ವಿಮಾನದ ಸ್ವಿಚ್ಚಿನ ಮುಖವೇ ಇರುತ್ತದೆ. ಲಿವರ್ ಹೊಳೆಯುತ್ತಿರುತ್ತದೆ. ಕೆಳಗೆ ಒಂದು ಸಾಲು: 'ಸರ್, ಇದಕ್ಕೆ ಪಿನ್ ಎಲ್ಲಿ ಸಿಗುತ್ತೆ?' ಪಿನ್ ಅಂದರೆ ವೈರಿನ ತುದಿಗೆ ಹಾಕಿ ಸ್ವಿಚ್ಚಿಗೆ ಸಿಕ್ಕಿಸುವ ಲೋಹದ ಸಣ್ಣ ಕಡ್ಡಿ. ಉತ್ತರ ಇರುವುದು ಸ್ವಿಚ್ಚಿನ ಹಿಂಭಾಗದಲ್ಲಿ. ಅದರ ಫೋಟೋ ಮಾತ್ರ ಬಂದಿರುವುದಿಲ್ಲ.

ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ವೈರ್ ಹಾರ್ನೆಸ್, ಅಂದರೆ ವೈರುಗಳನ್ನು ಕಂತೆ ಕಟ್ಟಿ ತುದಿ ಜೋಡಿಸುವ ಕೆಲಸ ಮಾಡುತ್ತೇನೆ. ಮೈಸೂರು, ಮಂಡ್ಯ ಕಡೆಯ ಇಂಜಿನಿಯರಿಂಗ್ ಹುಡುಗರು ಮನೆಯಲ್ಲೋ ಕಾಲೇಜಿನಲ್ಲೋ ಫ್ಲೈಟ್ ಸಿಮ್ಯುಲೇಟರ್ (ನೆಲದಲ್ಲೇ ಕೂತು ವಿಮಾನ ಹಾರಿಸಿದ ಅನುಭವ ಕೊಡುವ ವ್ಯವಸ್ಥೆ) ಕಟ್ಟುತ್ತಾ ಇಂಥ ಸ್ವಿಚ್ಚು ಹಿಡಿದು ಬರುತ್ತಾರೆ. ಅವರ ಕೈಯಲ್ಲಿರುವುದು ಮತ್ತೆ ಸಿಗದ ಮಾಲು. ಪಿನ್ ಹಾಗಲ್ಲ, ಇವತ್ತಿಗೂ ತಯಾರಾಗುತ್ತಿದೆ. ಕಾಯಬೇಕಾದ್ದು ಸ್ವಿಚ್ಚನ್ನು.

ಮೊದಲು ಹಿಂದೆ ತಿರುಗಿಸಿ ನೋಡಿ. ಬೆಸುಗೆ ಹಾಕುವ ಕಾಲುಗಳಿದ್ದರೆ ಪಿನ್ ಬೇಡವೇ ಬೇಡ. ಸ್ಕ್ರೂ ಇದ್ದರೆ ವೈರಿನ ತುದಿಗೆ ಹಾಕುವ ಲೋಹದ ಬಳೆ, ಅಂದರೆ ರಿಂಗ್ ಲಗ್ ಸಾಕು. ಆದರೆ ಕಳೆದುಹೋದ ಸ್ಕ್ರೂ ಬದಲಿಗೆ ಹಾರ್ಡ್‌ವೇರ್ ಅಂಗಡಿಯ 3.5 ಎಂಎಂ ಸ್ಕ್ರೂ ಹಾಕಬೇಡಿ. ಅಮೆರಿಕನ್ ಎಂಎಸ್ (ಮಿಲಿಟರಿ ಸ್ಟ್ಯಾಂಡರ್ಡ್) ನಂಬರಿನ ಟಾಗಲ್, ಅಂದರೆ ಲಿವರ್ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಇಂಚಿನ ಲೆಕ್ಕದ 6-32 ಥ್ರೆಡ್. ದಪ್ಪ ಹೆಚ್ಚುಕಮ್ಮಿ ಅದೇ, ಥ್ರೆಡ್ಡಿನ ಅಂತರ ಬೇರೆ. ಒಂದೆರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ, ಇನ್ನೂ ತಿರುಗಿಸಿದರೆ ಥ್ರೆಡ್ ಹಾಳು. ಡೆಸ್ಕ್‌ಟಾಪ್ ಕಂಪ್ಯೂಟರಿನ ದೊಡ್ಡ ಹಾರ್ಡ್ ಡಿಸ್ಕ್ ಬಿಗಿಯುವ ಸ್ಕ್ರೂ ಕೂಡ 6-32. ಯಾವ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೇಳಿದರೂ ಸುಮ್ನೆ ಕೊಡುತ್ತಾರೆ. ಉದ್ದ ಮಾತ್ರ ನೋಡಿಕೊಳ್ಳಿ.

ಇನ್ನು ಮೂರನೆಯ ಬಗೆ. ಹಿಂಭಾಗದಲ್ಲಿ ರಬ್ಬರಿನ ಮುಚ್ಚಳ, ಅದರಲ್ಲಿ ಸಣ್ಣ ಸಣ್ಣ ತೂತು. ಹನಿವೆಲ್‌ನ ಟಿಎಲ್ ಸರಣಿಯ ಟಾಗಲ್‌ಗಳಲ್ಲಿ ಈ ತರಹದ್ದೂ ಇವೆ. ವೈರಿನ ತುದಿಗೆ ಪಿನ್ ಕ್ರಿಂಪ್ ಮಾಡಿ, ಅಂದರೆ ಒತ್ತಿ ಬಿಗಿದು, ಆ ತೂತಿನೊಳಗೆ ತಳ್ಳಬೇಕು. ಒಳಗೊಂದು ಪುಟ್ಟ ಸ್ಪ್ರಿಂಗ್ ಕ್ಲಿಪ್ ಇದೆ. ಪಿನ್ನಿನ ಭುಜ, ಅಂದರೆ ಉಬ್ಬಿದ ಭಾಗ, ಅದನ್ನು ದಾಟಿದ ಕೂಡಲೇ ಟಕ್ ಎಂದು ಹಿಡಿದುಕೊಳ್ಳುತ್ತದೆ. ನಮ್ಮ ಹುಡುಗರು ಇಲ್ಲಿಗೆ ಹೊಲಿಗೆ ಸೂಜಿ, ದಪ್ಪ ತಾಮ್ರದ ತಂತಿ, ಕೈಗೆ ಸಿಕ್ಕ ಇನ್ಯಾವುದೋ ಪಿನ್ ತುರುಕುತ್ತಾರೆ. ಕ್ಲಿಪ್ ಒಮ್ಮೆ ಬಾಗಿದರೆ ಆಮೇಲೆ ಸರಿಯಾದ ಪಿನ್ ತಂದರೂ ನಿಲ್ಲುವುದಿಲ್ಲ. ಆ ಸ್ವಿಚ್ಚನ್ನು ಬಿಚ್ಚಿ ರಿಪೇರಿ ಮಾಡಲೂ ಆಗುವುದಿಲ್ಲ, ಯಾಕೆಂದರೆ ಸೀಲ್ ಮಾಡಿರುತ್ತಾರೆ.

ಹಾಗಾದರೆ ಯಾವ ಪಿನ್ ಅಂತ ಗೊತ್ತಾಗುವುದು ಹೇಗೆ? ಒಂದಾದರೂ ಹಳೆಯ ಪಿನ್ ಉಳಿದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಗುಜರಿಯವರು ಹಾರ್ನೆಸ್ಸನ್ನು ಕತ್ತರಿಸಿಯೇ ತೆಗೆಯುತ್ತಾರೆ, ಹಾಗಾಗಿ ತುಂಡು ವೈರಿನ ಜೊತೆ ಒಂದೆರಡು ಪಿನ್ ಒಳಗೇ ಇರುವುದುಂಟು. ಮೊನ್ನೆ ಮಂಡ್ಯದ ಹುಡುಗನೊಬ್ಬ ತಂದಿದ್ದ ಸ್ವಿಚ್ಚಿನಲ್ಲಿ ಹಾಗೇ ಒಂದು ಇತ್ತು. 'ಅಣ್ಣ, ಇದು ಬರೀ ವೇಸ್ಟ್ ವೈರು, ಕಿತ್ತು ಬಿಸಾಕ್ಲಾ?' ಅಂದ. ಬೇಡಪ್ಪ, ನಮಗೆ ಬೇಕಾದ್ದೇ ಅದು ಅಂದೆ. ಪಿನ್ ಕೀಳುವ ಟೂಲ್ ಹಾಕಿ ಹೊರಗೆ ತೆಗೆದು, ಇಯರ್‌ಬಡ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಲೂಪಿನ (ಸಣ್ಣ ಭೂತಗನ್ನಡಿ) ಕೆಳಗೆ ಇಟ್ಟೆವು. ಪಿನ್ನಿನ ಮೈ ಮೇಲೆ ಕೂದಲೆಳೆ ದಪ್ಪದ ಮೂರು ಪಟ್ಟಿ ಕಾಣಿಸಿತು. ಕಂದು, ಕಪ್ಪು, ಕಂದು.

ರೆಸಿಸ್ಟರ್ ಎಂಬ ಎಲೆಕ್ಟ್ರಾನಿಕ್ ಭಾಗದ ಮೇಲಿನ ಬಣ್ಣದ ಪಟ್ಟಿ ಓದಲು ಬರುವವರಿಗೆ ಇದು ಸಲೀಸು. ಅದೇ ಬಣ್ಣ, ಅದೇ ಅಂಕಿ. ಕಂದು 1, ಕಪ್ಪು 0, ಕಂದು 1, ಅಂದರೆ 101. ಅಮೆರಿಕನ್ ಮಿಲಿಟರಿ ಗುಣಮಟ್ಟದ ಕ್ರಿಂಪ್ ಪಿನ್‌ಗಳಲ್ಲಿ ಹೆಚ್ಚಿನವು ಎಂ39029 ಎಂಬ ಒಂದೇ ಕುಟುಂಬದವು. ನಂಬರಿನ ಕೊನೆಯ ಮೂರು ಅಂಕಿಯನ್ನು ಪಿನ್ನಿನ ಮೇಲೆ ಬಣ್ಣದಲ್ಲಿ ಹಾಕಿರುತ್ತಾರೆ. ಹುಡುಗನ ಪಿನ್ ಎಂ39029/1-101, ಸೈಜ್ 20. ಕಿತ್ತಳೆ, ನೀಲಿ, ಕಿತ್ತಳೆ ಇದ್ದಿದ್ದರೆ 363, ಅಂದರೆ ಎಂ39029/58-363. ಅದೂ 20ನೇ ಸೈಜೇ, ಆದರೆ ಡಿ38999 ಎಂಬ ದುಂಡು ಕನೆಕ್ಟರಿನದು (ವೈರಿನ ಕಂತೆಗಳನ್ನು ಒಂದಕ್ಕೊಂದು ಕೂಡಿಸುವ ಭಾಗ). ಇಲ್ಲಿಯೇ ಜಾಸ್ತಿ ಜನ ಎಡವುವುದು. ಸೈಜ್ ಒಂದೇ ಎಂದು ಒಂದರ ಬದಲು ಇನ್ನೊಂದು ತರಿಸುತ್ತಾರೆ. ಕೂಡುವ ತುದಿಯ ದಪ್ಪ ಒಂದೇ ಇದ್ದರೂ ಉದ್ದ, ಭುಜದ ಜಾಗ ಬೇರೆ. ಬೀಗ ಒಂದೇ ಕಂಪನಿಯದ್ದಾದರೂ ಕೀಲಿ ಬೇರೆ ಇರುವ ಹಾಗೆ.

ಪಿನ್ ಒಂದೂ ಇಲ್ಲದಿದ್ದರೆ ಸ್ವಿಚ್ಚಿನ ಮೈ ಮೇಲಿನ ನಂಬರ್ ಓದಿ. ಎಂಎಸ್ ಅಥವಾ ಎಂ ಎಂದು ಶುರುವಾಗುವ ನಂಬರ್ ಇದ್ದರೆ ಅದರ ಸ್ಪೆಸಿಫಿಕೇಶನ್ ಹಾಳೆಯಲ್ಲೇ ಪಿನ್ನಿನ ನಂಬರ್ ಸಿಗಬಹುದು. ಮಿಲಿಟರಿ ಉಗ್ರಾಣದ 13 ಅಂಕಿಯ ಸ್ಟಾಕ್ ನಂಬರ್ ಇದ್ದರೆ ಮೊದಲ ನಾಲ್ಕು ಅಂಕಿ ನೋಡಿ: 5930 ಇದ್ದರೆ ಅದು ಸ್ವಿಚ್, 5935 ಇದ್ದರೆ ಕನೆಕ್ಟರ್. ನಂಬರೆಲ್ಲ ಅಳಿಸಿಹೋಗಿದ್ದರೆ ತೂತನ್ನು ಅಳೆಯುವುದೊಂದೇ ದಾರಿ. ಸೈಜ್ 22ಡಿ ಪಿನ್ನಿನ ತುದಿ 0.76 ಎಂಎಂ, 20ರದು 1.02, 16ರದು 1.59, 12ರದು 2.39. ಡ್ರಿಲ್ ಬಿಟ್ಟಿನ ಹಿಂದಿನ ನುಣುಪು ಭಾಗವನ್ನು ತೂತಿನ ಬಾಯಿಗೆ ಹಿಡಿದು ಹೋಲಿಸಿ. ಒಳಗೆ ಒತ್ತಬೇಡಿ. ರಬ್ಬರಿನ ತೂತು ವೈರಿಗೆ ತಕ್ಕ ಹಾಗೆ ಇರುತ್ತದೆ, ಲೋಹದ್ದು ಅದರ ಒಳಗಿದೆ. ಟಾರ್ಚ್ ಬಿಟ್ಟು ಲೋಹದ ತೂತನ್ನೇ ನೋಡಿ ಅಂದಾಜು ಮಾಡಬೇಕು.

2025ರ ಸೆಪ್ಟೆಂಬರಿನಲ್ಲಿ ನಮ್ಮ ವಾಯುಪಡೆ ಮಿಗ್-21 ವಿಮಾನವನ್ನು ಸೇವೆಯಿಂದ ತೆಗೆಯಿತು. ಆಮೇಲೆ ಮಿಗ್ ಸ್ವಿಚ್ ಬೇಕು ಎನ್ನುವವರು ಜಾಸ್ತಿಯಾಗಿದ್ದಾರೆ. ಅವರಿಗೆ ಒಂದು ಮಾತು. ರಷ್ಯನ್ ಸ್ವಿಚ್ಚಿಗೆ ಎಂ39029 ಹುಡುಕುತ್ತಾ ಕೂರಬೇಡಿ. ಮೈ ಮೇಲೆ ಇಂಗ್ಲಿಷಿನ ಎ, 3, ಸಿ ಬರೆದ ಹಾಗೆ ಕಾಣುವ ಟಾಗಲ್ ಇದ್ದರೆ, ಆ 3 ಅಂಕಿಯಲ್ಲ, ರಷ್ಯನ್ ಅಕ್ಷರ. ಅದು ಸ್ವಿಚ್ಚೂ ಹೌದು, ಸರ್ಕ್ಯೂಟ್ ಬ್ರೇಕರೂ ಹೌದು. ಪಕ್ಕದ ಅಂಕಿ ಆಂಪಿಯರ್. ಹಿಂದೆ ಸ್ಕ್ರೂ ಇರುತ್ತದೆ. 2ಆರ್‌ಎಂ ಬಗೆಯ ರಷ್ಯನ್ ಕನೆಕ್ಟರ್‌ಗಳಿಗೆ ಬೆಸುಗೆಯೇ. ಅವುಗಳ ನಂಬರಿನಲ್ಲಿ ಮೂರು ಕಡ್ಡಿ ನಿಲ್ಲಿಸಿ ಕೆಳಗೆ ಗೆರೆ ಎಳೆದ ಅಕ್ಷರ ಇದ್ದರೆ ಒಳಗಿರುವುದು ಪಿನ್, ತಲೆಕೆಳಗಾದ ಎಲ್ ಇದ್ದರೆ ಸಾಕೆಟ್. ಯಾವುದೇ ಮಾಲು ಕೊಂಡರೂ ಗುಜರಿಯವರಿಂದ ಬಿಲ್ ತೆಗೆದುಕೊಳ್ಳಿ. ಮಿಲಿಟರಿ ಗುಜರಿ ಹರಾಜಿನಲ್ಲಿ ಬರುವಂಥದ್ದು, ಅದರ ಕಾಗದ ಕೇಳುವುದು ನಮ್ಮ ಹಕ್ಕು.

ಪಿನ್ ತರಿಸುವ ವಿಷಯಕ್ಕೆ ಬರೋಣ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಎಂಎಸ್ ಕನೆಕ್ಟರ್ ಎಂದು ರಾಶಿ ಹಾಕಿರುತ್ತಾರೆ. ಅವು ಹೆಚ್ಚಾಗಿ ಬೆಸುಗೆಯ ಬಗೆಯವು, ನಮ್ಮ ಕೆಲಸಕ್ಕೆ ಬರುವುದಿಲ್ಲ. ಪೂರ್ತಿ ನಂಬರ್ ಬರೆದು ಆನ್‌ಲೈನ್‌ನಲ್ಲಿ ದೊಡ್ಡ ವಿತರಕರ ಹತ್ತಿರ ತರಿಸುವುದೇ ಒಳ್ಳೆಯದು. ಆಂಫೆನಾಲ್, ಸೌರಿಯೊ, ಗ್ಲೆನೇರ್ ಯಾರು ಮಾಡಿದ್ದಾದರೂ ನಂಬರ್ ಒಂದೇ ಆದರೆ ಪಿನ್ ಒಂದೇ. ಕೊರಿಯರ್ ಖರ್ಚು ಪಿನ್ನಿಗಿಂತ ಜಾಸ್ತಿ ಬೀಳುತ್ತದೆ, ಹಾಗಾಗಿ ನಾಲ್ಕೈದು ಜನ ಸೇರಿ ಆರ್ಡರ್ ಹಾಕಿ. ಕವರಿನ ಮೇಲೆ ಲಾಟ್ ನಂಬರ್, ತಯಾರಾದ ದಿನಾಂಕ ಇಲ್ಲದ ಬಿಡಿ ಪಿನ್ ಬೇಡ.

ಕ್ರಿಂಪ್ ಮಾಡಲು ಮನೆಯ ಕಟಿಂಗ್ ಪ್ಲೇಯರ್ ಸಾಲದು. ಈ ಪಿನ್‌ಗಳಿಗೆ ನಾಲ್ಕು ಕಡೆಯಿಂದ ಒಟ್ಟಿಗೆ ಒತ್ತುವ ಟೂಲ್ ಬೇಕು. ದುಬಾರಿ, ನಿಜ. ಹಾರ್ನೆಸ್ ಮಾಡುವವರ ಹತ್ತಿರ ಕೇಳಿದರೆ ಹಾಕಿಕೊಡುತ್ತಾರೆ. ಪಿನ್ನಿನ ಪಕ್ಕದಲ್ಲೊಂದು ಸಣ್ಣ ತೂತಿದೆ, ಅದರೊಳಗೆ ತಾಮ್ರದ ಎಳೆ ಕಾಣಬೇಕು. ಕಾಣದಿದ್ದರೆ ವೈರ್ ಪೂರ್ತಿ ಹೋಗಿಲ್ಲ, ಕತ್ತರಿಸಿ ಹೊಸ ಪಿನ್ ಹಾಕಿ. ಬೆಸುಗೆ ಹಾಕಿ ಸರಿಮಾಡೋಣ ಎನ್ನಬೇಡಿ. ಸೀಸ ವೈರಿನೊಳಗೆ ಏರಿ ಆ ಜಾಗ ಗಟ್ಟಿಯಾಗುತ್ತದೆ, ಅಲ್ಲಾಡಿದಾಗ ಅಲ್ಲೇ ಮುರಿಯುತ್ತದೆ.

ಪಿನ್ ಕೂತ ಮೇಲೂ ಸಿಮ್ಯುಲೇಟರಿನಲ್ಲಿ ಸ್ವಿಚ್ ಒಮ್ಮೆ ಕೆಲಸ ಮಾಡಿ ಒಮ್ಮೆ ಮಾಡದಿದ್ದರೆ ಪಿನ್ನನ್ನೇ ಬೈಯಬೇಡಿ. ವಿಮಾನದ ಎಷ್ಟೋ ಸ್ವಿಚ್ಚುಗಳ ಒಳಗೆ ಬೆಳ್ಳಿಯ ಕಾಂಟ್ಯಾಕ್ಟ್ ಇರುತ್ತದೆ. 28 ವೋಲ್ಟಿನಲ್ಲಿ ಕೆಲವು ಆಂಪಿಯರ್ ಹರಿದಾಗ ಅದರ ಮೇಲಿನ ಕಪ್ಪು ಪೊರೆ ತಾನೇ ಸುಟ್ಟುಹೋಗುತ್ತದೆ. ಯುಎಸ್‌ಬಿ ಬೋರ್ಡಿನ 5 ವೋಲ್ಟ್, ಒಂದೆರಡು ಮಿಲಿ ಆಂಪಿಯರ್‌ಗೆ ಆ ಶಕ್ತಿ ಇಲ್ಲ. ಮಧ್ಯೆ ಒಂದು ಸಣ್ಣ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಹಾಕಿ, ವಿಮಾನದ ಸ್ವಿಚ್ಚಿನಲ್ಲಿ ರಿಲೇಯ ಕಾಯಿಲ್ಲಿನ, ಅಂದರೆ ತಂತಿ ಸುರುಳಿಯ, ಕರೆಂಟ್ ಹರಿಸಿದರೆ ಹೆಚ್ಚಿನ ಸಲ ಸರಿಹೋಗುತ್ತದೆ.

ಇದೆಲ್ಲ ಸಿಮ್ಯುಲೇಟರ್, ಪ್ರದರ್ಶನ, ಪಾಠದ ಮೇಜಿಗೆ ಮಾತ್ರ. ಹಾರುವ ವಿಮಾನಕ್ಕೆ ಹಾಕುವ ಭಾಗಕ್ಕೆ ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಒಪ್ಪಿದ ರಿಲೀಸ್ ಸರ್ಟಿಫಿಕೇಟ್ ಬೇಕು. ಗುಜರಿಯ ಸ್ವಿಚ್ಚಿಗೆ ಅದಿಲ್ಲ. ಎಷ್ಟೇ ಹೊಸದಾಗಿ ಕಂಡರೂ, ಯಾರೇ ಕೇಳಿದರೂ ಆ ಕೆಲಸಕ್ಕೆ ಕೊಡಬೇಡಿ.