ಸಾರ್ಕಾಯ್ಡೋಸಿಸ್ ಇದ್ದವರಿಗೆ ವಿಟಮಿನ್ ಡಿ ಬರೀ ವಿಟಮಿನ್ ಅಲ್ಲ

ಸಾರ್ಕಾಯ್ಡೋಸಿಸ್ ಅಂದರೆ ಶ್ವಾಸಕೋಶ, ದುಗ್ಧಗ್ರಂಥಿ ಮುಂತಾದೆಡೆ ಉರಿಯೂತದ ಸಣ್ಣ ಗಂಟುಗಳು ಕಟ್ಟುವ ಕಾಯಿಲೆ. ಅದು ಇರುವವರು ಎದೆಯ ಸ್ಕ್ಯಾನ್ ಫಿಲ್ಮನ್ನು ಜೋಪಾನವಾಗಿ ತರುತ್ತಾರೆ. ಕ್ಯಾಲ್ಸಿಯಂ ರಿಪೋರ್ಟನ್ನೋ, ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ರಿಪೋರ್ಟನ್ನೋ ಕೇಳಿದರೆ, "ಇದು ಶ್ವಾಸಕೋಶದ ಕಾಯಿಲೆ ಅಲ್ವಾ ಡಾಕ್ಟ್ರೇ?" ಅನ್ನುತ್ತಾರೆ. ಅದಕ್ಕೆ ನನಗೆ ಬೇಸರವಿಲ್ಲ. ತಾಳ್ಮೆ ಕೆಡುವುದು ವಿಟಮಿನ್ ಡಿ ವಿಷಯಕ್ಕೆ.

ಮಲೆನಾಡಿನಲ್ಲಿ ಮಳೆ ಹಿಡಿದರೆ ತಿಂಗಳುಗಟ್ಟಲೆ ಸರಿಯಾದ ಬಿಸಿಲಿಲ್ಲ. ಪರೀಕ್ಷೆಯಲ್ಲಿ ವಿಟಮಿನ್ ಡಿ ಕಡಿಮೆ ಬಂತೆಂದು 60,000 ಯೂನಿಟ್‌ನ ಗುಳಿಗೆ ಶುರುವಾಗುತ್ತದೆ. ಆದರೆ ಲ್ಯಾಬಿನವರು ಸಾಮಾನ್ಯವಾಗಿ ಅಳೆಯುವುದು ಇನ್ನೂ ಕೆಲಸಕ್ಕಿಳಿಯದ ವಿಟಮಿನ್ ಡಿಯನ್ನು. ಅದನ್ನು ಸಕ್ರಿಯ ರೂಪಕ್ಕೆ ತರುವುದು ಕಿಡ್ನಿ, ಅದೂ ದೇಹಕ್ಕೆ ಬೇಕಾದಷ್ಟೇ. ಈ ಕಾಯಿಲೆಯಲ್ಲಿ ಶ್ವಾಸಕೋಶದಲ್ಲೋ ದುಗ್ಧಗ್ರಂಥಿಗಳಲ್ಲೋ ಕಟ್ಟುವ ಸಣ್ಣ ಗಂಟುಗಳೂ ಅದೇ ಕೆಲಸ ಮಾಡುತ್ತವೆ, ಯಾವ ಹಿಡಿತಕ್ಕೂ ಸಿಗದೆ. ಹಾಗಾಗಿ ರಿಪೋರ್ಟಿನಲ್ಲಿ ಕಡಿಮೆ ಕಂಡರೂ ಸಕ್ರಿಯ ರೂಪ ಹೆಚ್ಚಿರಬಹುದು. ಅದರ ಮೇಲೆ ಗುಳಿಗೆಯನ್ನೂ ನುಂಗಿದರೆ ರಕ್ತದಲ್ಲಿ, ಮೂತ್ರದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಕಲ್ಲಾಗಬಹುದು, ಕಿಡ್ನಿಯೊಳಗೇ ಸುಣ್ಣ ಕಟ್ಟಬಹುದು, ಕಿಡ್ನಿಯೇ ಸೋಲಬಹುದು.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರಿಗೆ ವಿಪರೀತ ಬಾಯಾರಿಕೆ, ಮಲಬದ್ಧತೆ, ರಾತ್ರಿಯೆಲ್ಲ ಮೂತ್ರಕ್ಕೆ ಏಳುವುದು. ಸುಸ್ತನ್ನು ಕೊನೆಕೊಯ್ಲಿನ ದಣಿವು ಎಂದುಕೊಂಡಿದ್ದರು. 10.5 ದಾಟಬಾರದ ಕ್ಯಾಲ್ಸಿಯಂ 13 ಇತ್ತು. ಅವರ ಹೆಂಡತಿ ಕೈಚೀಲ ಬಗ್ಗಿಸಿ ಗುಳಿಗೆ ಸ್ಟ್ರಿಪ್‌ಗಳನ್ನು ಮೇಜಿನ ಮೇಲೆ ಸುರಿದರು. ಬೆಂಗಳೂರಿನಿಂದ ಮಗ ಕೊರಿಯರ್ ಮಾಡಿದ್ದು. "ಪ್ರೀತಿಯಿಂದ ಕಳಿಸಿದಾನೆ, ಬೈಬೇಡಿ ಡಾಕ್ಟ್ರೇ" ಎಂದರು. ಬೈಯಲಿಲ್ಲ, ಆ ಹುಡುಗನಿಗೆ ಫೋನ್ ಮಾಡಿ ಇಷ್ಟನ್ನೂ ಬಿಡಿಸಿ ಹೇಳಿದೆ. ಡ್ರಿಪ್, ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಟ್ಟ ಮೇಲೆ ಕ್ಯಾಲ್ಸಿಯಂ ಇಳಿಯಿತು. ಕ್ರಿಯಾಟಿನಿನ್ ಮಾತ್ರ ಪೂರ್ತಿ ಮೊದಲಿನಂತಾಗಲಿಲ್ಲ.

ವಿಟಮಿನ್ ಡಿ ಎಲ್ಲರಿಗೂ ನಿಷಿದ್ಧ ಎನ್ನುತ್ತಿಲ್ಲ. ಸ್ಟೀರಾಯ್ಡ್ ತೆಗೆದುಕೊಳ್ಳುವವರ ಮೂಳೆಯನ್ನೂ ಕಾಯಬೇಕು, ಅದಕ್ಕೇ ಜೊತೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಬರೆಯುವ ರೂಢಿ. ಆದರೆ ಈ ಕಾಯಿಲೆಯಲ್ಲಿ ಮೊದಲು ರಕ್ತದ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿಯ ಎರಡೂ ರೂಪಗಳನ್ನು ನೋಡಿ ತೀರ್ಮಾನಿಸಬೇಕು.

ಕ್ಯಾಲ್ಸಿಯಂ ಸರಿಯಿದ್ದರೂ ಗಂಟುಗಳು ನೇರ ಕಿಡ್ನಿಯಲ್ಲೇ ಉರಿಯೂತ ತರಬಹುದು. ಆಗ ಮೂತ್ರಪರೀಕ್ಷೆಯಲ್ಲಿ ಹೆಚ್ಚೇನೂ ಕಾಣದೆ ಕ್ರಿಯಾಟಿನಿನ್ ಮಾತ್ರ ಏರುತ್ತದೆ. ಕಿಡ್ನಿಯ ಚೂರು ತೆಗೆದು ನೋಡುವ ಬಯಾಪ್ಸಿ ಬೇಕಾಗಬಹುದು. ಕ್ಷಯದಲ್ಲೂ ಇಂಥದೇ ಗಂಟುಗಳು ಕಟ್ಟುತ್ತವೆ, ಹಾಗಾಗಿ ನಮ್ಮ ದೇಶದಲ್ಲಿ ಕ್ಷಯ ಅಲ್ಲವೆಂದು ಖಾತ್ರಿ ಮಾಡಿಕೊಳ್ಳದೆ ಸ್ಟೀರಾಯ್ಡ್ ಶುರುಮಾಡುವುದು ಅಪಾಯ.

ರಕ್ತನಾಳಗಳ ಉರಿಯೂತ ಇದರಲ್ಲಿ ಅಪರೂಪ. ಆದರೂ ಕಾಲಿನ ಮೇಲೆ ಒತ್ತಿದರೂ ಮಾಸದ ಕೆನ್ನೇರಳೆ ಚುಕ್ಕೆಗಳು, ಮೂತ್ರದಲ್ಲಿ ರಕ್ತ, ಇದ್ದಕ್ಕಿದ್ದಂತೆ ಎತ್ತಲಾಗದ ಪಾದ, ಇವುಗಳಲ್ಲಿ ಒಂದು ಕಂಡರೂ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಅಂದೇ ಬನ್ನಿ. ಬರುವಾಗ ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ತನ್ನಿ, ಮಗ ಕಳಿಸಿದ್ದನ್ನೂ ಸೇರಿಸಿ.