1911 ಕೊಳ್ಳುವವರಿಗೆ: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಅಂಗಡಿಯ ಗಾಜಿನ ಕಪಾಟಿನಲ್ಲಿ 450 ಡಾಲರಿನ 1911 ಪಿಸ್ತೂಲು ಇರುತ್ತದೆ. ಅದರ ಪಕ್ಕದಲ್ಲೇ 3,000 ಡಾಲರಿನದು. ನೋಡಲು ಎರಡೂ ಅಣ್ಣ ತಮ್ಮ. "ಸರ್, ಅಗ್ಗದ್ದು ತಗೊಂಡ್ರೆ ಕೈ ಕೊಡುತ್ತಾ?" ಇಲ್ಲಿ ಟೆಕ್ಸಸ್‌ನ ಗುಂಡು ಹಾರಿಸುವ ರೇಂಜಿನಲ್ಲಿ ನನ್ನ ಹತ್ತಿರ ಕಲಿಯಲು ಬರುವ ಕನ್ನಡದವರು ಕೇಳುವ ಮೊದಲ ಪ್ರಶ್ನೆ ಇದು. ಸರಿಯಾಗಿ ನೋಡಿ ಕೊಂಡರೆ ಕೈ ಕೊಡುವುದಿಲ್ಲ. ಜಾಸ್ತಿ ದುಡ್ಡಿಗೆ ಸಿಗುವುದು ಜಾಸ್ತಿ ಕೈಕೆಲಸ. ಭಾಗಗಳು ಒಂದಕ್ಕೊಂದು ಬಿಗಿಯಾಗಿ ಕೂರುತ್ತವೆ, ಟ್ರಿಗರ್ ಬೆಣ್ಣೆಯ ಹಾಗೆ ಇರುತ್ತದೆ. ಪ್ರತಿ ಸಲವೂ ಗುಂಡು ಸರಿಯಾಗಿ ಒಳಗೆ ಹೋಗಿ ಖಾಲಿ ಕೇಸ್ (ಹಾರಿದ ಮೇಲೆ ಉಳಿಯುವ ಚಿಪ್ಪು) ಸರಿಯಾಗಿ ಹೊರಗೆ ಬರಬೇಕು ಅನ್ನುವುದು ಬೇರೆಯೇ ವಿಷಯ. ಅದು ನಿಂತಿರುವುದು ಕೆಲವೇ ಸಣ್ಣ ಭಾಗಗಳ ಮೇಲೆ.

ಅದಕ್ಕೂ ಮೊದಲು, ನೀವು ಯಾವ ವೀಸಾದಲ್ಲಿದ್ದೀರಿ? ಎಚ್-1ಬಿ, ಎಲ್-1, ಎಫ್-1 ಇಂಥ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಕೆಲವು ವಿನಾಯಿತಿಗಳಿವೆ. ಅವು ನಿಮಗೆ ಅನ್ವಯಿಸುತ್ತವೋ ಇಲ್ಲವೋ ಅಂತ ವಕೀಲರನ್ನು ಕೇಳಿ, ವಾಟ್ಸಾಪ್ ಗುಂಪಿನಲ್ಲಿ ಕೇಳಬೇಡಿ. ಗ್ರೀನ್ ಕಾರ್ಡ್ ಇದ್ದವರು, ಪೌರತ್ವ ಸಿಕ್ಕವರು ಕೊಳ್ಳಬಹುದು. ಲೈಸೆನ್ಸ್ ಇರುವ ಅಂಗಡಿಯಿಂದ ಪಿಸ್ತೂಲು ಕೊಳ್ಳಲು 21 ವರ್ಷ ಆಗಿರಬೇಕು. 4473 ಅನ್ನುವ ಫಾರ್ಮ್ ತುಂಬಬೇಕು, ಹಿನ್ನೆಲೆ ಪರಿಶೀಲನೆ ಆಗುತ್ತದೆ. ಆ ಫಾರ್ಮ್‌ನಲ್ಲಿ ಸುಳ್ಳು ಬರೆಯುವುದು ದೊಡ್ಡ ಅಪರಾಧ. "ನನ್ನ ಫ್ರೆಂಡ್ ಸಿಟಿಜನ್, ಅವನ ಹೆಸರಲ್ಲಿ ತಗೊಳ್ತೀನಿ" ಅನ್ನುವುದೂ ಅಪರಾಧವೇ. ಒಂದು ಪಿಸ್ತೂಲಿನ ಆಸೆಗೆ ಇಷ್ಟು ವರ್ಷ ಕಾದ ಗ್ರೀನ್ ಕಾರ್ಡ್ ಕಳೆದುಕೊಳ್ಳಬೇಡಿ. ಬೇ ಏರಿಯಾದವರಿಗೆ ಇನ್ನೊಂದು ಮಾತು. ಕ್ಯಾಲಿಫೋರ್ನಿಯಾದ ಅಂಗಡಿಗಳು ರಾಜ್ಯದ ಪಟ್ಟಿಯಲ್ಲಿರುವ ಮಾದರಿಗಳನ್ನು ಮಾತ್ರ ಹೊಸದಾಗಿ ಮಾರಬಹುದು. ಕೆಳಗೆ ಹೇಳುವ ಎಲ್ಲವೂ ಅಲ್ಲಿ ಸಿಗುವುದಿಲ್ಲ.

ಈಗ ಪಿಸ್ತೂಲಿಗೆ ಬರೋಣ. ಇದನ್ನು ರೂಪಿಸಿದವರು ಯೂಟಾ ರಾಜ್ಯದ ಆಗ್ಡೆನ್ ಊರಿನ ಜಾನ್ ಬ್ರೌನಿಂಗ್. ಅಮೆರಿಕದ ಸೈನ್ಯ ಒಪ್ಪಿಕೊಂಡಿದ್ದು 1911ರ ಮಾರ್ಚ್‌ನಲ್ಲಿ. ಅದಕ್ಕೆ ಮುಂಚೆ ನಡೆದ ಪರೀಕ್ಷೆಯಲ್ಲಿ ಒಂದೇ ಪಿಸ್ತೂಲಿನಿಂದ 6,000 ಗುಂಡು ಹಾರಿಸಿದರು. ಮುಟ್ಟಲಾಗದಷ್ಟು ಬಿಸಿಯಾದಾಗ ನೀರಿಗೆ ಅದ್ದಿ ಮತ್ತೆ ಹಾರಿಸಿದರು. ಒಂದು ಸಲವೂ ಸಿಕ್ಕಿಕೊಳ್ಳಲಿಲ್ಲ. 1985ರಲ್ಲಿ 9 ಎಂಎಂ ಬೆರೆಟ್ಟಾ ಆಯ್ಕೆಯಾಗುವವರೆಗೆ ಇದೇ ಸೈನ್ಯದ ಮುಖ್ಯ ಪಿಸ್ತೂಲು. ಎರಡನೇ ಮಹಾಯುದ್ಧದಲ್ಲಿ ಕೋಲ್ಟ್ ಕಂಪನಿಯೊಂದೇ ಮಾಡಿದರೆ ಸಾಲದೆ, ಟೈಪ್‌ರೈಟರ್ ಮಾಡುತ್ತಿದ್ದ ರೆಮಿಂಗ್ಟನ್ ರ್‍ಯಾಂಡ್ 8 ಲಕ್ಷಕ್ಕೂ ಹೆಚ್ಚು ಮಾಡಿಕೊಟ್ಟಿತು. ಹೊಲಿಗೆ ಯಂತ್ರದ ಸಿಂಗರ್ ಕಂಪನಿ ಕೂಡ 500 ಮಾಡಿತು. ಆ 500ರಲ್ಲಿ ಒಂದು ಸಿಕ್ಕರೆ ಈಗ ಮನೆಯ ಬೆಲೆ, ಅದು ಸಂಗ್ರಹಕಾರರ ಲೋಕ, ನಮಗೆ ಬೇಡ.

ಈ ಕತೆಯಲ್ಲಿ ಕೊಳ್ಳುವವರು ಗಮನಿಸಬೇಕಾದ ಒಂದು ಅಂಶ ಇದೆ. ಒಂದು ಕಾರ್ಖಾನೆಯಲ್ಲಿ ಮಾಡಿದ ಭಾಗ ಇನ್ನೊಂದು ಕಾರ್ಖಾನೆಯ ಪಿಸ್ತೂಲಿಗೆ ಕೂರಬೇಕು ಅಂತ ಸೈನ್ಯ ಹೇಳಿತ್ತು. ಹಾಗಾಗಿ ಭಾಗಗಳ ನಡುವೆ ಸ್ವಲ್ಪ ಸಡಿಲ ಇಟ್ಟರು. ಹಳೆಯ ಮಿಲಿಟರಿ 1911 ಅಲ್ಲಾಡಿಸಿದರೆ ಕಟಕಟ ಅನ್ನುತ್ತದೆ. ಮರಳು, ಕೆಸರು ಇದ್ದರೂ ಅದು ನಡೆಯಲು ಆ ಸಡಿಲವೂ ಒಂದು ಕಾರಣ. ಇಂದು ಅಂಗಡಿಯಲ್ಲಿ ಸ್ಲೈಡನ್ನು (ಹಿಂದೆ ಮುಂದೆ ಜಾರುವ ಮೇಲ್ಭಾಗ) ಅತ್ತಿತ್ತ ಅಲ್ಲಾಡಿಸಿ "ಲೂಸ್ ಇದೆ, ಕಳಪೆ" ಅನ್ನುವವರು ಜಾಸ್ತಿ. ಗುರಿ ಸ್ಪರ್ಧೆಗೆ ಹೋಗುವವರಿಗೆ ಬಿಗಿ ಬೇಕು. ಉಳಿದವರಿಗೆ ಸ್ವಲ್ಪ ಸಡಿಲ ಇದ್ದರೆ ಒಳ್ಳೆಯದೇ. ತುಂಬಾ ಬಿಗಿಯಾದ ಹೊಸ ಪಿಸ್ತೂಲಿಗೆ ಪಳಗಲು ಕೆಲವು ನೂರು ಗುಂಡು ಬೇಕಾಗಬಹುದು, ಎಣ್ಣೆಯೂ ಜಾಸ್ತಿ ಕೇಳುತ್ತದೆ.

ಅಗ್ಗದ ಸಾಲಿನಲ್ಲಿ ಮುಖ್ಯವಾಗಿ ಎರಡು ದೇಶದ ಮಾಲು. ಫಿಲಿಪ್ಪೀನ್ಸ್‌ನ ಮರಿಕಿನಾದಲ್ಲಿ ಆರ್ಮ್ಸ್‌ಕೋರ್ ಮಾಡುವ ರಾಕ್ ಐಲ್ಯಾಂಡ್, ಮತ್ತೆ ಟರ್ಕಿಯ ಟಿಸಾಸ್, ಗಿರ್ಸಾನ್. ಸರಳ ಮಿಲಿಟರಿ ಮಾದರಿ ಬೇಕಾದರೆ 400ರಿಂದ 550 ಡಾಲರಿನೊಳಗೆ ಸಿಗುತ್ತವೆ. ಅದಕ್ಕಿಂತ ಮೇಲೆ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯ ಮಿಲ್-ಸ್ಪೆಕ್, ರೂಗರ್‌ನ ಎಸ್‌ಆರ್1911. ಸಾವಿರದ ಹತ್ತಿರ ಹೋದರೆ ಕುದುರೆ ಗುರುತಿನ ಕೋಲ್ಟ್. "ರಾಕ್ ಐಲ್ಯಾಂಡ್ ಫ್ರೇಮ್ (ಹಿಡಿ ಇರುವ ಕೆಳಭಾಗ) ಎರಕದ್ದು, ಟಿಸಾಸ್‌ದು ಬಡಿದು ಮಾಡಿದ್ದು" ಅಂತ ವಾದ ಮಾಡುತ್ತಾರೆ. ಮಾಹಿತಿ ಸರಿಯೇ. ಆದರೆ ರೂಗರ್ ಫ್ರೇಮ್ ಕೂಡ ಎರಕದ್ದೇ, ಅದನ್ನು ಯಾರೂ ಬೈಯುವುದಿಲ್ಲ. ತಿಂಗಳಿಗೊಂದು ಸಲ ರೇಂಜಿಗೆ ಹೋಗುವವರ ಕೈಯಲ್ಲಿ ಎರಡೂ ಜೀವಮಾನ ಬಾಳುತ್ತವೆ. ನನ್ನನ್ನು ಕೇಳಿದರೆ ಈ ಬೆಲೆಗೆ ಈಗ ಟರ್ಕಿಯದರಲ್ಲಿ ಫಿನಿಶಿಂಗ್ ಸ್ವಲ್ಪ ಮೇಲು, ಬಿಡಿಭಾಗ ಮತ್ತು ಸರ್ವಿಸ್ ವಿಷಯದಲ್ಲಿ ರಾಕ್ ಐಲ್ಯಾಂಡ್‌ಗೆ ಇಲ್ಲಿ ಹಳೆಯ ಬೇರು ಇದೆ.

ಉದ್ದದ ವಿಷಯದಲ್ಲಿ ನಾನು ಹಟಮಾರಿ. 5 ಇಂಚಿನ ಬ್ಯಾರೆಲ್ (ನಳಿಗೆ), ಪೂರ್ತಿ ಉಕ್ಕು. ಬ್ರೌನಿಂಗ್ ಲೆಕ್ಕ ಹಾಕಿದ್ದು ಅದಕ್ಕೆ. 3 ಇಂಚಿನ ಪುಟಾಣಿ 1911 ನೋಡಲು ಮುದ್ದಾಗಿರುತ್ತದೆ. ಆದರೆ ಸ್ಲೈಡ್ ಹಿಂದೆ ಹೋಗಿ ಬರುವ ದಾರಿ ಕಡಿಮೆ, ಸ್ಪ್ರಿಂಗ್ ಗಟ್ಟಿ, ಮೇಲೆ ಬರುವ ಗುಂಡಿಗೆ ಸಮಯ ಕಡಿಮೆ. ಅಗ್ಗದ ಬೆಲೆಯಲ್ಲಿ ಆ ಹೊಂದಾಣಿಕೆ ಕಷ್ಟ.

ಇನ್ನು ಆ ಸಣ್ಣ ಭಾಗಗಳು. ಮೊದಲನೆಯದು ಮ್ಯಾಗಜೀನ್, ಹಿಡಿಯೊಳಗೆ ಕೂರುವ ಗುಂಡಿನ ಪೆಟ್ಟಿಗೆ. "ಸರ್, ಪಿಸ್ತೂಲು ಸರಿಯಿಲ್ಲ" ಅಂತ ತಂದವರಿಗೆ ನಾನು ಮೊದಲು ಬೇರೆ ಮ್ಯಾಗಜೀನ್ ಹಾಕಿ ಕೊಡುತ್ತೇನೆ. ಬಹಳಷ್ಟು ಸಲ ಕಾಯಿಲೆ ಅಲ್ಲೇ ವಾಸಿ. ಮ್ಯಾಗಜೀನಿನ ಮೇಲ್ತುದಿಯಲ್ಲಿ ಗುಂಡನ್ನು ಹಿಡಿದಿಡುವ ಎರಡು ತುಟಿಗಳಿವೆ. ಗುಂಡನ್ನು ಯಾವಾಗ, ಯಾವ ಕೋನದಲ್ಲಿ ಬಿಡಬೇಕು ಅಂತ ತೀರ್ಮಾನಿಸುವುದು ಅವೇ. ಕೆಳಗೆ ಬಿದ್ದು ಆ ತುಟಿ ಕೂದಲೆಳೆಯಷ್ಟು ಸೊಟ್ಟಗಾದರೂ ಗುಂಡಿನ ಮೂಗು ಬ್ಯಾರೆಲ್ಲಿನ ಬಾಯಿಗೆ ತಗಲಿ ನಿಲ್ಲುತ್ತದೆ. ಪಿಸ್ತೂಲಿನ ಜೊತೆ ಬಂದ ಒಂದನ್ನೇ ನಂಬಬೇಡಿ. ವಿಲ್ಸನ್ ಕಾಂಬ್ಯಾಟ್ ಅಥವಾ ಮೆಕ್-ಗಾರ್ ಮ್ಯಾಗಜೀನ್ ಎರಡು ಮೂರು ತಗೊಳ್ಳಿ. ಬೆನ್ನಿಗೆ ಮಾರ್ಕರಿನಲ್ಲಿ 1, 2, 3 ಅಂತ ಬರೆಯಿರಿ. ಸಿಕ್ಕಿಕೊಂಡಾಗ ಯಾವುದರಲ್ಲಿ ಅಂತ ಗುರುತು ಹಾಕಿ. ಎಲ್ಲ ಸಲವೂ 2ರಲ್ಲೇ ಸಿಕ್ಕಿಕೊಂಡರೆ ಪಿಸ್ತೂಲು ನಿರಪರಾಧಿ. 8 ಗುಂಡಿನದೂ ಸಿಗುತ್ತದೆ, ನನಗೆ ಮೂಲ 7ರ ಮೇಲೇ ಭರವಸೆ ಜಾಸ್ತಿ.

ಎರಡನೆಯದು ಎಕ್ಸ್‌ಟ್ರಾಕ್ಟರ್. ಹಾರಿಸಿದ ಮೇಲೆ ಖಾಲಿ ಕೇಸನ್ನು ಕಚ್ಚಿ ಹೊರಗೆ ಎಳೆಯುವ ಕೊಕ್ಕೆ. ಈಗಿನ ಹೆಚ್ಚಿನ ಪಿಸ್ತೂಲುಗಳಲ್ಲಿ ಇದಕ್ಕೊಂದು ಪುಟ್ಟ ಸ್ಪ್ರಿಂಗ್ ಇರುತ್ತದೆ. ಮೂಲ 1911ರಲ್ಲಿ ಹಾಗಿಲ್ಲ. ಸ್ಲೈಡಿನ ಒಳಗೆ ಉದ್ದಕ್ಕೂ ಕೂರುವ ಸ್ಪ್ರಿಂಗ್ ಉಕ್ಕಿನ ಕಡ್ಡಿಯೇ ಎಕ್ಸ್‌ಟ್ರಾಕ್ಟರ್. ಅದು ಎಷ್ಟು ಬಾಗಿದೆ ಅನ್ನುವುದರ ಮೇಲೆ ಹಿಡಿತ. ಕಡಿಮೆಯಾದರೆ ಕೇಸ್ ಜಾರುತ್ತದೆ, ಜಾಸ್ತಿಯಾದರೆ ಹೊಸ ಗುಂಡು ಕೊಕ್ಕೆಯ ಕೆಳಗೆ ನುಗ್ಗುವುದಿಲ್ಲ. ಪರೀಕ್ಷೆ ಸುಲಭ. ಪಿಸ್ತೂಲು ಖಾಲಿ ಮಾಡಿ, ಬಿಚ್ಚಿ, ಸ್ಲೈಡ್ ಮಾತ್ರ ಕೈಗೆ ತಗೊಳ್ಳಿ. ಒಂದು ಡಮ್ಮಿ (ಮದ್ದಿಲ್ಲದ) ಗುಂಡಿನ ಹಿಂಬದಿಯ ಅಂಚನ್ನು ಕೆಳಗಿನಿಂದ ಕೊಕ್ಕೆಯೊಳಗೆ ಜಾರಿಸಿ. ಡಮ್ಮಿಯೇ ಆಗಬೇಕು, ನಿಜವಾದ ಗುಂಡು ಬೇಡ. ಸ್ಲೈಡನ್ನು ಮೆಲ್ಲಗೆ ಅಲ್ಲಾಡಿಸಿದರೆ ಡಮ್ಮಿ ಬೀಳಬಾರದು. ಹಾಗಂತ ಒಳಗೆ ತಳ್ಳುವಾಗ ಹೆಬ್ಬೆರಳು ನೋಯುವಷ್ಟು ಬಲವೂ ಬೇಕಾಗಬಾರದು. ಬಾಗು ಸರಿಪಡಿಸುವುದು ಗೊತ್ತಿದ್ದವರಿಗೆ ಸಣ್ಣ ಕೆಲಸ.

ಈ ಹಿಡಿತ ಹಾಳಾಗುವುದು ಹೆಚ್ಚಾಗಿ ಒಂದು ಕೆಟ್ಟ ಅಭ್ಯಾಸದಿಂದ. ಒಂದು ಗುಂಡನ್ನು ಕೈಯಿಂದ ನೇರವಾಗಿ ಬ್ಯಾರೆಲ್ಲಿಗೆ ಹಾಕಿ ಸ್ಲೈಡ್ ಬಿಡುತ್ತಾರೆ. ಗುಂಡು ಮ್ಯಾಗಜೀನಿನಿಂದ ಮೇಲೇರುವಾಗ ಅಂಚು ತಾನಾಗಿ ಕೊಕ್ಕೆಯ ಕೆಳಗೆ ಜಾರುವ ಹಾಗೆ ಇದನ್ನು ಮಾಡಿರುವುದು. ಕೈಯಿಂದ ಹಾಕಿದರೆ ಕೊಕ್ಕೆ ಅಂಚಿನ ಮೇಲೆ ಹಾರಿ ಕಚ್ಚಬೇಕು. ಹೀಗೇ ಮಾಡುತ್ತಿದ್ದರೆ ಕಡ್ಡಿಯ ಬಾಗು ಹೋಗುತ್ತದೆ, ಕೊಕ್ಕೆಯೂ ಮುರಿಯಬಹುದು.

ಮೂರನೆಯದು ಗುಂಡು ಹತ್ತುವ ಇಳಿಜಾರು. ಅದರ ಕೆಳ ಅರ್ಧ ಫ್ರೇಮಿನಲ್ಲಿ, ಮೇಲರ್ಧ ಬ್ಯಾರೆಲ್ಲಿನಲ್ಲಿ. ಬ್ಯಾರೆಲ್ಲನ್ನು ಫ್ರೇಮಿನಲ್ಲಿ ಕೂರಿಸಿ, ಹಿಂದಕ್ಕೆ, ಕೆಳಕ್ಕೆ ಒತ್ತಿ ಹಿಡಿದು ನೋಡಿ. ಎರಡರ ನಡುವೆ ಸುಮಾರು ಮುಕ್ಕಾಲು ಮಿಲಿಮೀಟರ್ ಮೆಟ್ಟಿಲು ಕಾಣಬೇಕು. ಬ್ಯಾರೆಲ್ಲಿನ ತುಟಿ ಮುಂದೆ ಚಾಚಿ ಫ್ರೇಮಿನ ಮೇಲೆ ಬಂದಿದ್ದರೆ ಗುಂಡು ಎಡವುತ್ತದೆ. ಹಳೆಯದು ಕೊಳ್ಳುವಾಗ ಈ ಜಾಗ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಅನುಮಾನ ಪಡಿ. ಯಾರೋ ಯೂಟ್ಯೂಬ್ ನೋಡಿ ಮನೆಯ ಗ್ರೈಂಡರಿನಲ್ಲಿ ಉಜ್ಜಿರುತ್ತಾರೆ. ಉಜ್ಜಿ ಹೋದ ಉಕ್ಕು ವಾಪಸ್ ಬರುವುದಿಲ್ಲ.

ಹಳೆಯದರ ಮಾತು ಬಂತಲ್ಲ, ಸೇಫ್ಟಿ ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ. ಅಂಗಡಿಯವರ ಅನುಮತಿ ಕೇಳಿ. ಮ್ಯಾಗಜೀನ್ ತೆಗೆಯಿರಿ, ಸ್ಲೈಡ್ ಎಳೆಯಿರಿ, ಒಳಗೆ ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ ಖಾಲಿ ಅಂತ ಖಚಿತ ಮಾಡಿಕೊಳ್ಳಿ. ಮೂತಿ ಯಾರ ಕಡೆಗೂ ಇರಬಾರದು. ಹ್ಯಾಮರ್ (ಹಿಂಬದಿಯ ಸುತ್ತಿಗೆ) ಎಳೆದು, ಹೆಬ್ಬೆರಳಿನ ಸೇಫ್ಟಿ ಮೇಲೆ ಮಾಡಿ, ಟ್ರಿಗರ್ ಗಟ್ಟಿಯಾಗಿ ಎಳೆಯಿರಿ. ಹ್ಯಾಮರ್ ಬೀಳಬಾರದು. ಟ್ರಿಗರ್ ಬಿಟ್ಟು ಸೇಫ್ಟಿ ಇಳಿಸಿ. ಆಗಲೂ ಬೀಳಬಾರದು. ಈಗ ಕಿವಿಯ ಹತ್ತಿರ ಹಿಡಿದು ಹ್ಯಾಮರನ್ನು ಒಂಚೂರು ಹಿಂದೆ ಎಳೆಯಿರಿ. 'ಟಿಕ್' ಅಂತ ಸಣ್ಣ ಸದ್ದು ಬಂದರೆ ಸೇಫ್ಟಿ ಒಳಗೆ ಹ್ಯಾಮರನ್ನು ತಡೆದಿಡುವ ಸಿಯರ್ ಕೀಲನ್ನು ಪೂರ್ತಿ ಹಿಡಿದಿಲ್ಲ ಅಂತ ಅರ್ಥ. ಆ ಪಿಸ್ತೂಲು ರಿಪೇರಿ ಆಗುವ ತನಕ ಮುಟ್ಟಬೇಡಿ. ಮುಂದಿನದು ಹಿಡಿಯ ಹಿಂಬದಿಯ ಸೇಫ್ಟಿ. ಅದು ಒತ್ತದ ಹಾಗೆ ಹಿಡಿದು ಟ್ರಿಗರ್ ಎಳೆದರೆ ಹ್ಯಾಮರ್ ಅಲ್ಲಾಡಬಾರದು. ಕೊನೆಗೆ ಹ್ಯಾಮರ್ ಎಳೆದಿಟ್ಟು ಹಿಂದಿನಿಂದ ಹೆಬ್ಬೆರಳಿನಲ್ಲಿ ಒತ್ತಿ. ಬಿದ್ದರೆ ಅಲ್ಲೇ ವಾಪಸ್ ಕೊಡಿ. ಪರೀಕ್ಷೆ ಮಾಡುವಾಗ ಖಾಲಿ ಪಿಸ್ತೂಲಿನ ಸ್ಲೈಡನ್ನು 'ಧಡ್' ಅಂತ ಬಿಡಬೇಡಿ. ಅದು ಸಿಯರ್‌ಗೆ ಪೆಟ್ಟು, ಅಂಗಡಿಯವರಿಗೆ ಸಿಟ್ಟು.

ಸೀರೀಸ್ 70, ಸೀರೀಸ್ 80 ಅಂತ 1911ರಲ್ಲಿ ಎರಡು ಬಗೆ, ಯಾವುದು ಮೇಲು ಅನ್ನುವ ಜಗಳವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. 80ರಲ್ಲಿ ಟ್ರಿಗರ್ ಎಳೆಯದೆ ಫೈರಿಂಗ್ ಪಿನ್ (ಗುಂಡಿನ ಹಿಂಬದಿಗೆ ಬಡಿದು ಸಿಡಿಸುವ ಕಡ್ಡಿ) ಮುಂದೆ ಹೋಗದ ಹಾಗೆ ಒಂದು ತಡೆ ಇದೆ, ಕೆಳಗೆ ಬಿದ್ದರೆ ಅದು ಕಾಯುತ್ತದೆ. 70ರಲ್ಲಿ ಆ ತಡೆ ಇಲ್ಲ, ಟ್ರಿಗರ್ ಸ್ವಲ್ಪ ಹಗುರ. ಮಕ್ಕಳಿರುವ ಮನೆಯವರು 80ರ ಕಡೆ ವಾಲುವುದು ಸರಿ. ಯಾವುದನ್ನೇ ಕೊಂಡರೂ ಬೀಗದ ಪೆಟ್ಟಿಗೆ ಬೇಕೇ ಬೇಕು, ಅದರ ಬೆಲೆಯನ್ನು ಪಿಸ್ತೂಲಿನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ನೂರು ಡಾಲರ್ ಜಾಸ್ತಿ ಹಾಕಲು ಸಿದ್ಧ ಇದ್ದರೆ ಎಲ್ಲಿ ಹಾಕಬೇಕು? ಗುರಿಕಟ್ಟಿಗೆ, ಅಂದರೆ ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಸೈಟಿಗೆ. ಮಿಲಿಟರಿ ಮಾದರಿಯ ಗುರಿಕಟ್ಟು ತೀರಾ ಚಿಕ್ಕದು, ನಲವತ್ತು ದಾಟಿದ ಕಣ್ಣಿಗೆ ಕಾಣುವುದೇ ಇಲ್ಲ. ಎರಡನೆಯದು ಹಿಡಿಯ ಹಿಂದೆ ಅಗಲವಾಗಿ ಚಾಚಿದ ಬಾಲ. ಹಳೆಯ ಮಾದರಿಯಲ್ಲಿ ಹ್ಯಾಮರ್ ಹಿಂದೆ ಬಂದಾಗ ಹೆಬ್ಬೆರಳು, ತೋರುಬೆರಳಿನ ನಡುವಿನ ಚರ್ಮವನ್ನು ಚಿವುಟುತ್ತದೆ. ದೊಡ್ಡ ಕೈಯವರಿಗೆ ರಕ್ತವೇ ಬರುತ್ತದೆ. ಮುಂಭಾಗದ ಗೀರುಗಳು, ತೂತು ಕೊರೆದ ಹ್ಯಾಮರ್, ಚಿನ್ನದ ಬಣ್ಣದ ಬ್ಯಾರೆಲ್, ಇವೆಲ್ಲ ಸುಮ್ನೆ ಅಲಂಕಾರ.

ಯಾವ ಅಳತೆಯ ಗುಂಡು, .45 ಎಸಿಪಿಯೋ, 9 ಎಂಎಂಓ? ಮನಸ್ಸು .45 ಅನ್ನುತ್ತದೆ, ಜೇಬು 9 ಅನ್ನುತ್ತದೆ. .45 ಗುಂಡಿನ ಬೆಲೆ 9 ಎಂಎಂಗಿಂತ ಒಂದೂವರೆ ಪಟ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ. ವರ್ಷಕ್ಕೆ ಸಾವಿರ ಗುಂಡು ಹಾರಿಸುವವರಿಗೆ ಆ ವ್ಯತ್ಯಾಸವೇ ದೊಡ್ಡದು. ಆದರೆ ಈ ಪಿಸ್ತೂಲು ಹುಟ್ಟಿದ್ದು .45ಕ್ಕೆ. 9 ಎಂಎಂ ಗುಂಡು ಗಿಡ್ಡ, ಅದಕ್ಕಾಗಿ ಮ್ಯಾಗಜೀನಿನ ಒಳಗೆ ಜಾಗ ತುಂಬುವ ಏರ್ಪಾಟು ಬೇಕು. ಕಿರಿಕಿರಿ ಬೇಡ ಅನ್ನುವವರಿಗೆ .45, ದುಂಡು ಮೂತಿಯ 230 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು. ಬೇರೆ ಆಕಾರದ ಗುಂಡು ಆಮೇಲೆ ಪ್ರಯತ್ನಿಸಿ.

ಮನೆಯ ರಕ್ಷಣೆಗೆ ಮೊದಲ ಪಿಸ್ತೂಲು ಬೇಕು ಅನ್ನುವವರನ್ನು ನಾನು 1911ರ ಹತ್ತಿರ ಕರೆದುಕೊಂಡು ಹೋಗುವುದಿಲ್ಲ. ಖಾಲಿ ಇದ್ದಾಗಲೇ 1.1 ಕೆಜಿ ತೂಕ, 7 ಗುಂಡು, ನೆನಪಿಟ್ಟು ಇಳಿಸಬೇಕಾದ ಸೇಫ್ಟಿ. ಗ್ಲಾಕ್ 17 ಅದಕ್ಕಿಂತ ಎಷ್ಟೋ ಹಗುರ, 17 ಗುಂಡು, ನಿರ್ವಹಣೆ ಕಡಿಮೆ. 1911 ಬೇಕಾಗಿರುವುದು ಅದರ ಟ್ರಿಗರ್, ಅದರ ಕೈಹಿಡಿತ ಇಷ್ಟಪಡುವವರಿಗೆ.

ಊರಿನಿಂದಲೂ ಪ್ರಶ್ನೆ ಬರುತ್ತದೆ, ಮುಖ್ಯವಾಗಿ ಕೊಡಗಿನಿಂದ. ಭಾರತದಲ್ಲಿ ಸಾಮಾನ್ಯ ಜನರಿಗೆ ಲೈಸೆನ್ಸ್ ಮೇಲೆ ಸಿಗುವ ಪಿಸ್ತೂಲು ಹೆಚ್ಚಾಗಿ .32. ಕೊಡವರಿಗೆ ಇರುವ ಲೈಸೆನ್ಸ್ ವಿನಾಯಿತಿ ಕೋವಿಗೆ, ಪಿಸ್ತೂಲಿಗಲ್ಲ. ಇಲ್ಲಿಂದ ಒಂದು ಕಳಿಸಿಕೊಡಿ ಅನ್ನುವ ಮಾತೇ ಬೇಡ.

ಆಯುಧ ಪೂಜೆಯ ದಿನ ಪಿಸ್ತೂಲಿಗೆ ಕುಂಕುಮ, ಗಂಧ ಹಚ್ಚುವವರು ಇಲ್ಲಿಯೂ ಇದ್ದಾರೆ. ಹಚ್ಚಿ, ಆದರೆ ಸಂಜೆಯೇ ಒರೆಸಿ ಎಣ್ಣೆ ಸವರಿ. ಗಂಧದ ನೀರು ರಾತ್ರಿಯೆಲ್ಲ ಉಕ್ಕಿನ ಮೇಲೆ ಕೂತರೆ ಬೆಳಿಗ್ಗೆ ತುಕ್ಕಿನ ಚುಕ್ಕೆ ಗ್ಯಾರಂಟಿ. ಪೂಜೆಗೆ ಇಡುವಾಗ ಖಾಲಿ ಇರಬೇಕು, ಮ್ಯಾಗಜೀನ್ ಬೇರೆ ಇಡಬೇಕು ಅಂತ ಹೇಳಬೇಕಾಗಿಲ್ಲ ಅಲ್ವಾ?

ತಂದ ಮೇಲೆ ಕಾರ್ಖಾನೆಯ ಜಿಡ್ಡು ಒರೆಸಿ, ಸ್ಲೈಡಿನ ಹಳಿಗಳಿಗೆ ಎಣ್ಣೆ ಹಾಕಿ, 200 ದುಂಡು ಮೂತಿಯ ಗುಂಡು ಹಾರಿಸಿ ನೋಡಿ. ಮೊದಲ ಐವತ್ತರಲ್ಲಿ ಒಂದೆರಡು ಸಲ ಎಡವಿದರೆ ಗಾಬರಿ ಬೇಡ. ಕೊನೆಯ ನೂರರಲ್ಲಿ, ಬೇರೆ ಬೇರೆ ಮ್ಯಾಗಜೀನಿನಲ್ಲೂ ಎಡವಿದರೆ ನೀವೇ ಕೈ ಹಾಕಬೇಡಿ. ಫೈಲು ಮುಟ್ಟಿಸಿದರೆ ವಾರಂಟಿ ಹೋಗುತ್ತದೆ. ಯಾವ ಗುಂಡು, ಯಾವ ಮ್ಯಾಗಜೀನ್, ಎಲ್ಲಿ ಸಿಕ್ಕಿಕೊಂಡಿತು ಅಂತ ಬರೆದು, ಫೋಟೋ ಸಮೇತ ಕಂಪನಿಗೆ ತಿಳಿಸಿ. ಎಲ್ಲ ಸರಿ ನಡೆದರೆ ಉಳಿಯುವ ಖರ್ಚು ಸ್ಪ್ರಿಂಗಿನದು. 5 ಇಂಚಿನ .45ಕ್ಕೆ 16 ಪೌಂಡಿನ ರಿಕಾಯಿಲ್ ಸ್ಪ್ರಿಂಗ್, ಹಿಂದೆ ಹೋದ ಸ್ಲೈಡನ್ನು ಮುಂದಕ್ಕೆ ತಳ್ಳುವುದು. ಒಂದೆರಡು ಸಾವಿರ ಗುಂಡಿಗೊಮ್ಮೆ ಬದಲಿಸಿ. ಒಂದು ಊಟದ ದುಡ್ಡಿಗೆ ಸಿಗುತ್ತದೆ, ಪಿಸ್ತೂಲು ಕೊಳ್ಳುವ ದಿನವೇ ಒಂದು ಜಾಸ್ತಿ ತಂದಿಟ್ಟುಕೊಳ್ಳಿ.